ಇಪ್ಪತ್ತೇಳು

ಮಂಡಿ ಮೊಹಲ್ಲಾದ ಮುಬೀನ್ ಬಂದ,
ಬೈಕಿನ ಹಿಂದೆ ಒಂದು ಪುಸ್ತಕ ಕಟ್ಟಿಕೊಂಡು.
ಮಿರುಗುವ ಹಾಳೆ. ಹಾಳೆ ತುಂಬ ಹಿಮ,
ಹಿಮದಲ್ಲೊಂದು ಮನೆ, ಅದರ ಗೋಡೆಗೆ ಬಿಳಿ ಪೆಟ್ಟಿಗೆ.
‘ಮೈನಸ್ ಇಪ್ಪತ್ತೈದರಲ್ಲೂ ಓಡುತ್ತೆ ಅಕ್ಕ.’
ಹಲಗೂರಿನ ಬಿಸಿಲಲ್ಲಿ ನಿಂತು ನಾನು
ಆ ಮೈನಸ್ಸನ್ನು ಎಲ್ಲಿಡಲಿ ಎಂದು ಯೋಚಿಸಿದೆ.

ನನಗೆ ಬೇಕಾದದ್ದು ಇಷ್ಟೇ:
ಧನುರ್ಮಾಸದ ಬೆಳಗಿನ ಜಾವ ಪಾದರಸ
ಹದಿನಾಲ್ಕಕ್ಕೆ ಕುಕ್ಕರುಗಾಲಲ್ಲಿ ಕೂತಾಗ
ಹುಳುಮನೆಯೊಳಗೆ ಇಪ್ಪತ್ತೇಳು.
ಯುಗಾದಿ ಕಳೆದು ಹೆಂಚು ಸಿಡಿಯುವಾಗಲೂ
ಅದೇ ಇಪ್ಪತ್ತೇಳು.
ಇರುವೆಯಂಥ ಕರಿ ಮರಿಗಳು, ಮೊಟ್ಟೆ ಬಿಟ್ಟು ಬಂದವು,
ಚಳಿ ತಾಗಿದರೆ ಅಳುವುದಿಲ್ಲ, ಕೆಮ್ಮುವುದಿಲ್ಲ.
ಸೊಪ್ಪು ಮುಟ್ಟುವುದಿಲ್ಲ, ಅಷ್ಟೇ.
ಬೆಳಗಾದರೆ ಎಲೆ ಹಾಗೇ ಇರುತ್ತದೆ, ಹಚ್ಚಗೆ,
ಬೈದ ಹಾಗೆ.

ಅತ್ತೆ ಜವರಮ್ಮನ ಕಾಲಕ್ಕೆ ಇದ್ದಿಲು.
ಬಾಣಲೆಯಲ್ಲಿ ಕೆಂಡ, ಕಿಟಕಿಗೆ ಗೋಣಿ,
ಬೇಸಿಗೆಯಲ್ಲಿ ಅದೇ ಗೋಣಿಗೆ ನೀರು.
ಡಿಗ್ರಿ ಗೊತ್ತಿರಲಿಲ್ಲ ಅವಳಿಗೆ.
ಒಳಗೆ ಹೋಗಿ ಕೆನ್ನೆ ಒಡ್ಡಿ
‘ಬಾಣಂತಿ ಕೋಣೆ ಹಂಗೈತೆ, ಸಾಕು’ ಅನ್ನುತ್ತಿದ್ದಳು.
ಒಂದು ರಾತ್ರಿ ಕೆಂಡದ ಪಕ್ಕ ನಿದ್ದೆಹೋದಳು.
ಬಾಗಿಲು ಒದ್ದು ಎಳೆದು ತಂದೆವು.
ಅಂಗಳದಲ್ಲಿ ವಾಂತಿ ಮಾಡಿಕೊಂಡು ಕಣ್ಣು ಬಿಟ್ಟವಳೇ
‘ಹುಳ?’ ಎಂದಳು.
ಹುಳ ಚೆನ್ನಾಗಿದ್ದವು.
ಇದ್ದಿಲಿನ ಮೂಟೆ ಬಚ್ಚಲ ಒಲೆಗೆ ಹೋಯಿತು.

ಆಮೇಲೆ ಹೀಟರು. ಕೆಂಪಗೆ ಕೂತು ಕರೆಂಟು ಕುಡಿದು
ಹೆಚ್ಚಿಟ್ಟ ಸೊಪ್ಪನ್ನು ಹಪ್ಪಳ ಮಾಡಿತು.
ಬಿಲ್ಲು ನೋಡಿದ ಯಜಮಾನರು
ಒಂದು ದಿನ ಮಾತಾಡಲಿಲ್ಲ.

ಮುಬೀನ್ ನೆಲದ ಮೇಲೆ ಕಡ್ಡಿಯಲ್ಲಿ ಗೀಚಿದ:
ಇದು ಬಿಸಿ ಹುಟ್ಟಿಸೋದಿಲ್ಲ ಅಕ್ಕ, ಸಾಗಿಸುತ್ತೆ.
ಹೊರಗಿನ ಚಳಿಗಾಳಿಯಲ್ಲೂ ಬಿಸಿ ಉಳಿದಿರುತ್ತೆ,
ಹೆಕ್ಕಿ ಹೆಕ್ಕಿ ಒಳಗೆ ತರುತ್ತೆ.
ಬೇಸಿಗೆಯಲ್ಲಿ ಒಳಗಿನದನ್ನು ಹೊತ್ತು ಹೊರಗೆ ಹಾಕುತ್ತೆ.
ಕೊಯ್ದು ಮುಗಿದ ಗದ್ದೆಯಲ್ಲಿ
ಹಕ್ಕಲು ಆಯುವ ಹೆಂಗಸರು ಕಣ್ಣಿಗೆ ಬಂದರು.
ಚಳಿಯಲ್ಲೂ ಉದುರಿದ ತೆನೆ ಇರುತ್ತದೆಯೆ?
ಇರುತ್ತೆ, ಅಂದ. ಬಗ್ಗೋಕೆ ಬರಬೇಕು.

ಹಿಮದ್ದು ಬೇಡ ಎಂದೆ.
ಅಷ್ಟು ಬಗ್ಗುವಂಥ ಚಳಿ ನಮ್ಮ ಮಂಡ್ಯಕ್ಕಿಲ್ಲ.
ಬರೀ ತಂಪು ಮಾಡುವುದೂ ಬೇಡ,
ಅಗ್ಗ ಅಂತ ತಂದ ಕಿರುಗಾವಲಿನವರಿಗೆ
ಪುಷ್ಯದಲ್ಲಿ ಸುಣ್ಣಕಟ್ಟು ಬಂದು ಹುಳವೆಲ್ಲ ಬಳಪವಾಯಿತು.
ಎರಡೂ ಬಲ್ಲ ಸಣ್ಣದೊಂದು ಕೊಡು,
ವೋಲ್ಟೇಜು ಬಿದ್ದರೆ ಮೂರ್ಛೆ ಹೋಗದಂಥದ್ದು.
‘ತೇವ ಮಾತ್ರ ಇದರ ಕೈಲಾಗದು,’ ಮುಬೀನ್ ಒಪ್ಪಿಕೊಂಡ,
‘ಗೋಣಿ ಬಿಡಬೇಡಿ.’
ಆ ಒಂದು ಮಾತಿಗೆ ಅವನನ್ನು ನಂಬಿದೆ.

ಹೊರಗಿನ ಪೆಟ್ಟಿಗೆ ಹಿತ್ತಲ ಗೋಡೆಗೆ ಅಂದ.
ಹಿತ್ತಲಲ್ಲಿ ಎಮ್ಮೆ, ಈದು ಹತ್ತು ದಿನ.
ಚಳಿಗಾಲದಲ್ಲಿ ಇದು ಏನು ಊದುತ್ತೆ?
ತಣ್ಣನೆ ಗಾಳಿ.
ಅಲ್ಲಿಯವರೆಗೆ ಅಡಿಕೆ ಕತ್ತರಿಸುತ್ತಿದ್ದ ಅತ್ತೆ
‘ಒಂದರ ಕಂಬಳಿ ಕಿತ್ತು ಇನ್ನೊಂದಕ್ಕೆ ಹೊದಿಸ್ತೀಯಾ ಮಗಾ?’
ಪೆಟ್ಟಿಗೆ ರಸ್ತೆ ಕಡೆ ಹೋಯಿತು.
ತಾಮ್ರದ ಕೊಳವೆ ಹನ್ನೊಂದು ಅಡಿ ಹೆಚ್ಚಾಯಿತು,
ದುಡ್ಡೂ.

ಈಗ ರಾತ್ರಿ ಮೂರು. ನಾವು ಮಲಗುವ ಕೋಣೆಯಲ್ಲಿ ಹದಿನಾರು.
ಬೀದಿನಾಯಿ ಪೆಟ್ಟಿಗೆಯಿಂದ ದೂರ ಸರಿದು ಮಲಗಿದೆ.
ಒಳಗೆ ತಟ್ಟೆ ತಟ್ಟೆಯಲ್ಲೂ ಎರಡನೇ ಜ್ವರ,
ಸಾವಿರ ಸಾವಿರ ತಲೆ ಮೇಲೆತ್ತಿ
ಯಾರೋ ಕರೆದದ್ದು ಕೇಳಿಸಿದ ಹಾಗೆ ಅಲುಗದೆ ನಿಂತಿವೆ.
ನಾಳಿದ್ದು ಜ್ವರ ಎದ್ದರೆ ವ್ಯಾನು ಬರುತ್ತದೆ.
ಇವು ಗೂಡು ಕಟ್ಟುವುದನ್ನು ನಾನು ಒಮ್ಮೆಯೂ ನೋಡಿಲ್ಲ.

ಗೋಡೆಯ ಮೇಲೆ ಹಸಿರು ಅಂಕಿ: ೨೭.
ಅದರ ಕೆಳಗೆ ಅತ್ತೆ, ಎಂಬತ್ತರ ಕೆನ್ನೆ ಒಡ್ಡಿ,
ಕಣ್ಣು ಮುಚ್ಚಿ.
‘ಬಿಸಿ ಸರಿಯಾಗೈತೆ,’ ಅನ್ನುತ್ತಾಳೆ ಕೊನೆಗೆ,
ಅಂಕಿಗೆ ಪಾಸು ಮಾಡಿದ ಹಾಗೆ,
‘ಜ್ವರದ ಹುಳಕ್ಕೆ ತೇವ ಜಾಸ್ತಿ. ಗೋಣಿ ತೆಗಿ.’
ತೆಗೆಯುತ್ತೇನೆ. ಹೊರಗೆ ಒಯ್ದು
ಪೆಟ್ಟಿಗೆಯ ಉಸಿರಿಗೆ ಎದುರಾಗಿ
ಬೇಲಿಯ ಮೇಲೆ ಹರವುತ್ತೇನೆ.